ಡಿಜಿಟಲ್ ಕಥೆ ಮಾಡಿಸಿದರೆ ಬರೀ ಸ್ಲೈಡು ಬರುತ್ತಿದೆ, ಏನು ಮಾಡಲಿ?

ಎಂಟನೇ ತರಗತಿಗೆ ವಿಜ್ಞಾನ ಕಲಿಸುತ್ತೇನೆ. 'ಆವಿಯಾಗುವಿಕೆ' ಪಾಠಕ್ಕೆ ಮಕ್ಕಳಿಂದಲೇ ಎರಡೆರಡು ನಿಮಿಷದ ಡಿಜಿಟಲ್ ಕಥೆ, ಅಂದರೆ ತಮ್ಮದೇ ದನಿಯಲ್ಲಿ ಹೇಳಿ ಚಿತ್ರ ಜೋಡಿಸಿದ ಪುಟ್ಟ ವಿಡಿಯೋ, ಮಾಡಿಸಿದೆ. ಪುಸ್ತಕದ ಸಾಲುಗಳನ್ನೇ ಓದಿ, ಇಂಟರ್‌ನೆಟ್ಟಿನ ಚಿತ್ರ ಅಂಟಿಸಿ, ಜೋರಾಗಿ ಸಂಗೀತ ಹಾಕಿ ತಂದರು. ಎಲ್ಲಿ ತಪ್ಪಿದೆ? ಮಾಡಿಸಿ ನೋಡಿದವರು ದಯವಿಟ್ಟು ಹೇಳಿ.

ಉತ್ತರ 1

ಮೇಡಂ, ಮೊದಲ ವರ್ಷ ನನಗೂ ಹೀಗೇ ಆಗಿತ್ತು. ನಾನು ಆ್ಯಪ್ ಕಲಿಸುವುದರಿಂದ ಶುರು ಮಾಡಿದ್ದೆ. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜೋ ಲ್ಯಾಂಬರ್ಟ್, ಡೇನಾ ಆ್ಯಚ್ಲಿ ಮೊದಲಾದವರು ಈ ಪದ್ಧತಿಯ ಕಾರ್ಯಾಗಾರಗಳನ್ನು ಕಟ್ಟಿದರು. ಅಲ್ಲಿ ಕಥೆಯ ಸುತ್ತು ಅಂತ ಒಂದಿದೆ. ಎಲ್ಲರೂ ವೃತ್ತವಾಗಿ ಕೂತು ತಮ್ಮ ಕಥೆಯನ್ನು ಬಾಯಲ್ಲಿ ಹೇಳಬೇಕು, ಉಳಿದವರು ಕೇಳಿ ಪ್ರಶ್ನೆ ಹಾಕಬೇಕು. ನಾನು ಬಿಟ್ಟಿದ್ದು ಅದನ್ನೇ.

ಮರುವರ್ಷ ಎರಡು ಪೀರಿಯಡ್ ಸುತ್ತಿಗೇ ಕೊಟ್ಟೆ. "ಆವಿಯಾಗುವಿಕೆ ಎಂದರೇನು ಅಂತ ಹೇಳಬೇಡಿ, ನೀವು ಕಂಡದ್ದು ಹೇಳಿ" ಅಂದೆ. ಒಬ್ಬ ಹುಡುಗಿ, ಮಳೆಗಾಲದಲ್ಲಿ ತನ್ನ ಒಂದೇ ಯೂನಿಫಾರ್ಮ್ ರಾತ್ರಿಯೆಲ್ಲಾ ಒಣಗದೆ ಒದ್ದೆಯಲ್ಲೇ ಶಾಲೆಗೆ ಬಂದದ್ದನ್ನು ಹೇಳಿದಳು. "ಬಿಸಿಲು ಇಲ್ಲದಿದ್ದರೆ ನೀರು ಆವಿಯಾಗಲ್ಲ" ಅಂತ ಮುಗಿಸಿದಳು. ಪಕ್ಕದ ಹುಡುಗ ಬಿಡಲಿಲ್ಲ: "ಮತ್ತೆ ನಮ್ಮನೇಲಿ ಫ್ಯಾನಿನ ಕೆಳಗೆ ಹೇಗೆ ಒಣಗುತ್ತೆ?" ತರಗತಿಯೇ ಮಾತಿಗಿಳಿಯಿತು. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಬಟ್ಟೆಯ ನೀರು ನಿಧಾನ ಆರುತ್ತದೆ, ಫ್ಯಾನು ಆ ತೇವದ ಗಾಳಿಯನ್ನು ಸರಿಸುತ್ತದೆ ಅನ್ನುವಲ್ಲಿಗೆ ಅವರೇ ಬಂದು ಮುಟ್ಟಿದರು. ಪರೀಕ್ಷೆಯಲ್ಲಿ ಎಂದೂ ಹೊರಬರದಿದ್ದ ತಪ್ಪು ತಿಳಿವಳಿಕೆ ಕಥೆಯಲ್ಲಿ ಸಿಕ್ಕಿಬಿತ್ತು. ನನಗೆ ಈ ವಿಧಾನದ ನಿಜವಾದ ಬೆಲೆ ಅದು, ವಿಡಿಯೋ ಅಲ್ಲ.

ಸುತ್ತಿನ ನಂತರವೇ ಬರವಣಿಗೆ. ಒಂದೂವರೆ ಪುಟ ದಾಟಿದರೆ ಕತ್ತರಿಸಲು ಹೇಳಿ. ಚಿತ್ರ ತೋರಿಸುವುದನ್ನು ಮಾತು ಮತ್ತೆ ಹೇಳಬೇಕಿಲ್ಲ.

ಉತ್ತರ 2

ನಾನು ಧ್ವನಿಯ ಬಗ್ಗೆ ಮಾತ್ರ ಹೇಳುತ್ತೇನೆ. ಮೊದಲು ದನಿ ರೆಕಾರ್ಡ್ ಮಾಡಿಸಿ, ಆಮೇಲೆ ಅದರ ಮೇಲೆ ಚಿತ್ರ ಜೋಡಿಸಿ. ಫ್ಯಾನ್ ಆಫ್ ಮಾಡಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಬಾಯಿಂದ ಒಂದು ಗೇಣು ದೂರ ಹಿಡಿಸಿ. ಒಂದೊಂದೇ ಪ್ಯಾರಾ ಸಾಕು, ತಪ್ಪಿದರೆ ಅಷ್ಟನ್ನೇ ಮತ್ತೆ ಓದಿದರಾಯಿತು. ಸಂಗೀತ ಇಲ್ಲದಿದ್ದರೂ ನಡೆಯುತ್ತದೆ. ತರಗತಿಯಲ್ಲಿ ಬಾಯಿ ಬಿಡದ ಒಬ್ಬ ಹುಡುಗ ಆರು ಸಲ ಓದಿ, ಏಳನೆಯದನ್ನು "ಇದು ಇರಲಿ ಸರ್" ಅಂದ. ಅದನ್ನು ಎಲ್ಲರೂ ಕೇಳುವಾಗ ಅವನು ತಲೆ ಎತ್ತಿ ಕೂತಿದ್ದ.

ಉತ್ತರ 3

ಒಂದು ಎಚ್ಚರಿಕೆ. ಸುತ್ತಿನಲ್ಲಿ ಮಕ್ಕಳು ಮನೆಯ ಕಷ್ಟವನ್ನೂ ಹೇಳಿಬಿಡುತ್ತಾರೆ. ನನ್ನ ತರಗತಿಯ ಒಬ್ಬಳ ಕಥೆಯನ್ನು ಪೋಷಕರ ಸಭೆಯಲ್ಲಿ ಅವಳನ್ನು ಕೇಳದೆ ತೋರಿಸಿದೆ. ಅವಳು ಒಂದು ವಾರ ನನ್ನ ಮುಖ ನೋಡಲಿಲ್ಲ. ಯೂನಿಫಾರ್ಮಿನ ಆ ಕಥೆಯೂ ಅಂಥದ್ದೇ, ಹೊರಗೆ ತೋರಿಸುವ ಮುನ್ನ ಮಗುವನ್ನೂ ಮನೆಯವರನ್ನೂ ಕೇಳಲೇಬೇಕು. ಇನ್ನೊಂದು, ಇಂಟರ್‌ನೆಟ್ಟಿನ ಚಿತ್ರ ಬೇಡ ಅನ್ನಿ. ತಾವೇ ಬಿಡಿಸಿದ, ತಾವೇ ತೆಗೆದ ಚಿತ್ರ ಸಾಕು. ಹಕ್ಕಿನ ತೊಡಕೂ ಇಲ್ಲ, ಮಗು ತನ್ನ ಕಣ್ಣಿಂದ ನೋಡಿದ್ದೂ ಬರುತ್ತದೆ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಸೋಮವಾರ ಕಂಪ್ಯೂಟರ್ ಕೋಣೆಗೆ ಹೋಗದೆ ಸುತ್ತು ಕೂರಿಸುತ್ತೇನೆ. ಮೊದಲ ಕಥೆ ನಾನು ಹೇಳಬೇಕೇ, ಮಕ್ಕಳು ಹೇಳಬೇಕೇ?

ಉತ್ತರ 1

ನೀವೇ ಹೇಳಿ ಮೇಡಂ. ನಿಮಗೆ ಅರ್ಥವಾಗದೆ ಉಳಿದಿದ್ದ ಏನನ್ನಾದರೂ ಆರಿಸಿಕೊಳ್ಳಿ.