ಲಾಯರ್ ಬೇಕು ಅಂದ ಹುಡುಗ, ಅವ್ವನ ನಂಬರ್ ಕೇಳಿದ ಪೊಲೀಸರು

ಮಗನನ್ನು ಒಂದು ವರ್ಷ ಗದಗಿನಲ್ಲಿ ಅಜ್ಜ-ಅಜ್ಜಿ ಹತ್ತಿರ ಬಿಟ್ಟು ಓದಿಸಬೇಕು, ಏನೇನು ನೋಡಿಕೊಳ್ಳಬೇಕು ಅಂತ ಕೇಳಿದ್ದೀರಿ. ಶಾಲೆ, ಊಟ, ಸೊಳ್ಳೆ ಎಲ್ಲದರ ಬಗ್ಗೆ ಉಳಿದವರು ಆಗಲೇ ಬರೆದಿದ್ದಾರೆ. ಯಾರೂ ಬರೆಯದ ಒಂದು ವಿಷಯ ನಾನು ಹೇಳುತ್ತೇನೆ: ಪೊಲೀಸ್ ಠಾಣೆ. ಗಾಬರಿ ಆಗಬೇಡಿ, ಪೂರ್ತಿ ಓದಿ.

ಹೋದ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದಿಂದ ಧಾರವಾಡಕ್ಕೆ ಹೋಗಿದ್ದೆವು. ನನ್ನ ಮಗನಿಗೆ 16, ಅಣ್ಣನ ಮಗನಿಗೂ 16. ಸಂಜೆ ಗಿರಮಿಟ್ ತಿಂದು ಬರ್ತೀವಿ ಅಂತ ಇಬ್ಬರೂ ಅಣ್ಣನ ಸ್ಕೂಟಿ ಹತ್ತಿ ಹೋದರು. ಗಿರಮಿಟ್ ಆದಮೇಲೆ ಕೆರೆ ದಂಡೆಗೆ ಹೋಗಿ ಕೂತರಂತೆ. ಅಲ್ಲಿ ಹುಡುಗರು ಗಾಂಜಾ ಸೇದ್ತಾರೆ ಅಂತ ಯಾರೋ ದೂರು ಕೊಟ್ಟಿದ್ದರು. ಪೊಲೀಸರು ಬಂದರು, ಚೀಲ ಬಿಚ್ಚಿಸಿದರು. ನನ್ನ ಮಗನ ಚೀಲದಲ್ಲಿ ಸಿಕ್ಕಿದ್ದು ಅರ್ಧ ಡಬ್ಬಿ ಪೇಢೆ ಮತ್ತು ಉಬ್ಬಸದ ಇನ್ಹೇಲರ್. ಆ ಇನ್ಹೇಲರ್ ನೋಡಿಯೇ ಅವರಿಗೆ ಅನುಮಾನ ಜಾಸ್ತಿ ಆಯಿತು.

ನಮ್ಮ ಹುಡುಗ ಅಮೆರಿಕದ ಶಾಲೆಯಲ್ಲಿ ಕಲಿತದ್ದನ್ನು ಒದರಿದ: ನಾನು ಏನೂ ಹೇಳಲ್ಲ, ನನಗೆ ಲಾಯರ್ ಬೇಕು. ಹವಾಲ್ದಾರರಿಗೆ ನಗು ತಡೆಯಲಾಗಲಿಲ್ಲ. "ಲಾಯರ್ ಆಮ್ಯಾಲೆ ತಮ್ಮಾ, ಮೊದಲ ನಿಮ್ಮ ಅವ್ವನ ನಂಬರ್ ಹೇಳು" ಅಂದರು.

ಆಗ ನನಗೆ ಇದು ದರ್ಪ ಅನಿಸಿತ್ತು. ಆಮೇಲೆ ತಿಳಿಯಿತು, ಕಾಯ್ದೆ ಹೇಳುವುದೂ ಇದನ್ನೇ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಪಾಸ್‌ಪೋರ್ಟ್ ಯಾವ ದೇಶದ್ದಾದರೂ ಅಷ್ಟೇ. ಮಗುವನ್ನು ಹಿಡಿದರೆ ತಂದೆತಾಯಿಗೆ ಅಥವಾ ಪೋಷಕರಿಗೆ ತಿಳಿಸಲೇಬೇಕು. ಲಾಕಪ್‌ಗೆ ಹಾಕುವ ಹಾಗಿಲ್ಲ, ಕೈಕೋಳ ಹಾಕುವ ಹಾಗಿಲ್ಲ. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಅಂತ ಒಬ್ಬರು ಇರಬೇಕು, ಎಎಸ್ಐ (ಸಹಾಯಕ ಸಬ್‌ಇನ್ಸ್‌ಪೆಕ್ಟರ್) ದರ್ಜೆಗಿಂತ ಕೆಳಗಿನವರಲ್ಲ. ಮಗುವನ್ನು ಅವರ ಕೈಗೆ ಒಪ್ಪಿಸಿ, 24 ಗಂಟೆಯೊಳಗೆ ಮಕ್ಕಳ ಪ್ರಕರಣ ನೋಡುವ ಬಾಲನ್ಯಾಯ ಮಂಡಳಿ ಮುಂದೆ ಹಾಜರುಪಡಿಸಬೇಕು. ಸಣ್ಣಪುಟ್ಟ ತಪ್ಪಿಗೆ ಎಫ್ಐಆರ್ ಹಾಕುವುದಿಲ್ಲ, ಠಾಣೆಯ ದಿನಚರಿಯಲ್ಲಿ ಬರೆದುಕೊಳ್ಳುತ್ತಾರೆ. ಆದರೆ ಅದೇ ತಪ್ಪಿನಲ್ಲಿ ಜೊತೆಗೆ ದೊಡ್ಡವರು ಸಿಕ್ಕಿಬಿದ್ದರೆ ಮಾತು ಬೇರೆ, ಎಫ್ಐಆರ್ ಆಗುತ್ತದೆ.

ನಮ್ಮ ಕ್ಯಾಲಿಫೋರ್ನಿಯಾದಲ್ಲಿ ವಕೀಲರು ಮೊದಲು, ಮನೆಯವರು ಆಮೇಲೆ. 2021ರಿಂದ 17 ವರ್ಷದವರೆಗಿನ ಮಕ್ಕಳನ್ನು ವಶದಲ್ಲಿಟ್ಟು ವಿಚಾರಿಸುವ ಮೊದಲು ವಕೀಲರ ಜೊತೆ ಮಾತಾಡಿಸಲೇಬೇಕು. ಅಪ್ಪ-ಅಮ್ಮ ಬರುವವರೆಗೆ ಕಾಯಬೇಕು ಅಂತೇನಿಲ್ಲ. ಊರಿನಲ್ಲಿ ಇದು ತಿರುವುಮುರುವು. ಹಾಗಂತ ಊರಲ್ಲಿ ವಕೀಲರ ಹಕ್ಕಿಲ್ಲ ಅಂತಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಮಕ್ಕಳಿಗೆ ಉಚಿತವಾಗಿಯೇ ವಕೀಲರು ಸಿಗುತ್ತಾರೆ, 15100ಕ್ಕೆ ಫೋನ್ ಮಾಡಬಹುದು. ಮಕ್ಕಳ ಸಹಾಯವಾಣಿ 1098.

ನಾನು, ಅಣ್ಣ ಠಾಣೆ ಮುಟ್ಟುವಷ್ಟರಲ್ಲಿ ಎರಡು ಎಡವಟ್ಟು ಆಗಿದ್ದವು. ಒಂದು, ನನ್ನ ಮಗ ಫೋನಿನ ಲಾಕ್ ತೆಗೆದು ಕೊಟ್ಟಿದ್ದ. ಇನ್ನೊಂದು, ಅಣ್ಣನ ಮಗ ಬಿಳಿ ಹಾಳೆಯ ಮೇಲೆ "ನನ್ನದು ತಪ್ಪಾಗಿದೆ" ಅಂತ ಬರೆದು ಸಹಿ ಹಾಕಿದ್ದ. ಏನು ತಪ್ಪು ಅಂತ ಅವನಿಗೇ ಗೊತ್ತಿಲ್ಲ! ಬಾಲನ್ಯಾಯ ಕಾಯ್ದೆಯ 2016ರ ಮಾದರಿ ನಿಯಮಗಳಲ್ಲಿ ಸ್ಪಷ್ಟವಾಗಿದೆ: ಮಗುವಿನಿಂದ ಯಾವ ಹೇಳಿಕೆಗೂ ಸಹಿ ಹಾಕಿಸಬಾರದು, ತಪ್ಪೊಪ್ಪಿಕೋ ಅಂತ ಒತ್ತಾಯ ಮಾಡಬಾರದು, ವಿಚಾರಿಸುವಾಗ ತಂದೆತಾಯಿ ಪಕ್ಕದಲ್ಲಿ ಇರಬಹುದು. ಫೋನಿನ ಬಗ್ಗೆ ನಮ್ಮ ಹೈಕೋರ್ಟೇ 2021ರಲ್ಲಿ ಹೇಳಿದೆ. ತನಿಖಾಧಿಕಾರಿ ಪಾಸ್‌ವರ್ಡ್ ಕೇಳಬಹುದು, ಒಪ್ಪದಿದ್ದರೆ ಕೋರ್ಟಿನಿಂದ ಸರ್ಚ್ ವಾರಂಟ್ ತರಬೇಕು.

ಅಣ್ಣ ಅಷ್ಟರಲ್ಲಿ ನಮ್ಮವರು ಮಾಡುವ ಕೆಲಸವನ್ನೇ ಮಾಡುತ್ತಿದ್ದ. ಹುಬ್ಬಳ್ಳಿಯಿಂದ ಹಾವೇರಿವರೆಗೆ ಯಾರ ಪರಿಚಯ ಇದೆ ಅಂತ ಫೋನ್ ಮೇಲೆ ಫೋನ್. ಹೈಕೋರ್ಟಿನ ಧಾರವಾಡ ಪೀಠದಲ್ಲಿ ವಕೀಲಿ ಮಾಡುವ ಗೆಳತಿಗೆ ನಾನೊಂದು ಫೋನ್ ಮಾಡಿದೆ. ಅವಳು ಹೇಳಿಕೊಟ್ಟದ್ದು ಒಂದೇ ಮಾತು: "ಮಕ್ಕಳ ಕಲ್ಯಾಣ ಅಧಿಕಾರಿ ಯಾರದಾರ, ಅವರನ್ನ ಕರೀರಿ ಅನ್ನು. ಜಗಳ ಮಾಡಬ್ಯಾಡ." ಹಾಗೇ ಅಂದೆ. ಐದು ನಿಮಿಷದಲ್ಲಿ ಮಹಿಳಾ ಪಿಎಸ್ಐ ಒಬ್ಬರು ಬಂದರು. ಆ ಹಾಳೆ ಹರಿದು ಹಾಕಿಸಿದರು, ಇನ್ಹೇಲರ್ ನೋಡಿ "ನಮ್ಮ ಮನ್ಯಾಗೂ ಐತ್ರಿ ಇದು" ಅಂದರು.

ಒಂದು ತೊಂದರೆ ಮಾತ್ರ ಅವರೂ ಬಗೆಹರಿಸಲಿಲ್ಲ, ನನ್ನ ಮಗನ ಎತ್ತರ. ಆರಡಿ ಹುಡುಗ 16 ಅಂದರೆ ಯಾರು ನಂಬುತ್ತಾರೆ? ವಯಸ್ಸಿಗೆ ಕಾಯ್ದೆ ಮೊದಲು ನೋಡುವುದು ಶಾಲೆಯ ಜನ್ಮದಿನಾಂಕದ ದಾಖಲೆ, ಅದಿಲ್ಲದಿದ್ದರೆ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮೂಳೆ ಪರೀಕ್ಷೆ. ಸರ್ಟಿಫಿಕೇಟಿನ ಫೋಟೋ ನನ್ನ ಫೋನಿನಲ್ಲಿತ್ತು, ಬಚಾವಾದೆವು. ನಿಮ್ಮ ಮಗನದ್ದೂ ಅಜ್ಜನ ಫೋನಿನಲ್ಲಿ ಇರಲಿ. ಅಂದಹಾಗೆ, ಮಗು ನಿಜವಾಗಿ ಯಾರ ಸುಪರ್ದಿನಲ್ಲಿದೆಯೋ ಅವರನ್ನೂ ಮಂಡಳಿ ಪೋಷಕರು ಅಂತ ಒಪ್ಪಲು ಕಾಯ್ದೆಯಲ್ಲಿ ಅವಕಾಶ ಇದೆ. ಅಜ್ಜನೇ ಠಾಣೆಗೆ ಹೋಗಬಹುದು, ನೀವು ವಿಮಾನ ಹತ್ತಬೇಕಿಲ್ಲ. ಮಗಳನ್ನೂ ಬಿಡುವುದಾದರೆ ಅವಳಿಗೆ ಇಷ್ಟು ಗೊತ್ತಿರಲಿ: ಹೆಣ್ಣುಮಕ್ಕಳ ಮೈ ತಪಾಸಣೆ ಮಹಿಳಾ ಪೊಲೀಸರೇ ಮಾಡಬೇಕು.

ಇನ್ನು ಸ್ಕೂಟಿ. ಅದರಲ್ಲಿ ತಪ್ಪು ನಮ್ಮದೇ, ಮುಚ್ಚಿಟ್ಟು ಏನು ಪ್ರಯೋಜನ? 16 ತುಂಬಿದವರಿಗೆ ಲೈಸೆನ್ಸ್ ಸಿಗುವುದು 50 ಸಿಸಿಯೊಳಗಿನ ಗಾಡಿಗೆ. ಅಣ್ಣನದು 110. 2019ರ ತಿದ್ದುಪಡಿ ಆದಮೇಲೆ ಮಕ್ಕಳು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಇದನ್ನು ಪಿಎಸ್ಐ ಒಂದೊಂದಾಗಿ ಹೇಳುತ್ತಾ ಹೋದಾಗ ಅಣ್ಣನ ಮುಖ ನೋಡಬೇಕಿತ್ತು. ಈಗ ಆ ಸ್ಕೂಟಿ ಕೀಲಿ ನಮ್ಮ ಅವ್ವನ ಜೋಳದ ಹಿಟ್ಟಿನ ಡಬ್ಬಿಯಲ್ಲಿದೆ. ಅಣ್ಣನೂ ಕೇಳಿಯೇ ತಗೋಬೇಕು.