ಅಪ್‌ಡೇಟ್: ಚಳಿಗಾಲದ ಸೀನು ಮತ್ತು ನನ್ನ ಬೆಳಗಿನ ವಾಕಿಂಗ್

ಚಳಿ ಶುರುವಾದರೆ ಬೆಳಿಗ್ಗೆ ವಾಕಿಂಗ್‌ನಲ್ಲಿ ಸೀನು ನಿಲ್ಲುವುದೇ ಇಲ್ಲ, ಹೊರಗೆ ಹೋಗುವುದನ್ನೇ ಬಿಡಬೇಕಾ ಅಂತ ಕೇಳಿದ್ದೆ. ಬಿಟ್ಟಿಲ್ಲ!

ಡಾಕ್ಟರ್ ಅಲರ್ಜಿ ಟೆಸ್ಟ್ ಮಾಡಿಸಿದರು. ಕಳ್ಳ ಸಿಕ್ಕಿದ್ದು ಹೊರಗಲ್ಲ, ನನ್ನ ಹಾಸಿಗೆಯಲ್ಲೇ. ಕಣ್ಣಿಗೆ ಕಾಣದ ಡಸ್ಟ್ ಮೈಟ್ ಹುಳಗಳು. ಚಳಿಗೆ ಕಿಟಕಿ ಮುಚ್ಚಿ ಮಲಗಿ, ರಾತ್ರಿಯಿಡೀ ಆ ಧೂಳನ್ನೇ ಉಸಿರಾಡಿ, ಬೆಳಿಗ್ಗೆ ಸುಮ್ನೆ ಹೊರಗಿನ ಗಾಳಿಯನ್ನು ಬೈಯುತ್ತಿದ್ದೆ. ಈಗ ವಾರಕ್ಕೊಮ್ಮೆ ಹೊದಿಕೆ, ದಿಂಬಿನ ಕವರ್ ಎಲ್ಲಾ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯುತ್ತೇನೆ.

ಡಾಕ್ಟರ್ ಕೊಟ್ಟ ಮೂಗಿನ ಸ್ಟೀರಾಯ್ಡ್ ಸ್ಪ್ರೇಯನ್ನು ಮೂರೇ ದಿನಕ್ಕೆ ಬಿಡುವುದರಲ್ಲಿದ್ದೆ. ಅದು ಪೂರ್ತಿ ಕೆಲಸ ಮಾಡಲು ಒಂದೆರಡು ವಾರ ಬೇಕಂತೆ, ದಿನಾ ತಪ್ಪದೆ ಹಾಕಬೇಕಂತೆ. ಎರಡನೇ ವಾರಕ್ಕೆ ಮೂಗು ಬಿಟ್ಟುಕೊಂಡಿತು. ಇನ್ನೊಂದು, ಸ್ಪ್ರೇ ತುದಿಯನ್ನು ಮೂಗಿನ ನಡುಗೋಡೆಯ ಕಡೆ ಹಿಡಿಯಬಾರದು, ಹೊರಬದಿಗೆ ತಿರುಗಿಸಬೇಕು. ನಾನು ಉಲ್ಟಾ ಮಾಡುತ್ತಿದ್ದೆ!

ಬರೀ ಚಳಿಗಾಳಿಗೆ ಮೂಗು ಸೋರುವುದು ಬೇರೆ, ಅದು ಅಲರ್ಜಿಯೇ ಅಲ್ಲ. ಮೂಗು ಮುಚ್ಚುವ ಹಾಗೆ ಮಫ್ಲರ್ ಸುತ್ತಿಕೊಂಡರೆ ಕಡಿಮೆಯಾಗುತ್ತದೆ. ಕರ್ಚೀಫ್ ಮಾತ್ರ ಇನ್ನೂ ಜೇಬಿನಲ್ಲೇ ಇದೆ.

ಮೊನ್ನೆ ಭಾನುವಾರ 2 ಗಂಟೆ ಸೈಕಲ್ ತುಳಿದೆ. ಸೀನಿದ್ದು ನಾಲ್ಕೇ ಸಲ.