ಆಗುಂಬೆ ಘಾಟಿಯಲ್ಲಿ ಓಡಾಡುವ ಕಾರಿಗೆ ಯಾವ ಬ್ರೇಕ್ ಪ್ಯಾಡ್, ಯಾವ ಡಿಸ್ಕ್ ಸೂಕ್ತ?

ಪ್ರಶ್ನೆ:
ನಮಸ್ಕಾರ. ನನ್ನದು 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮ್ಯಾನ್ಯುಯಲ್ ಗೇರ್, ಮುಂದೆ ಡಿಸ್ಕ್, ಹಿಂದೆ ಡ್ರಮ್, ಓಡಿರುವುದು 78,000 ಕಿ.ಮೀ. ತಿಂಗಳಿಗೆರಡು ಬಾರಿ ವಯಸ್ಸಾದ ತಂದೆ ತಾಯಿಯನ್ನು ಕೂರಿಸಿಕೊಂಡು ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಮಣಿಪಾಲದ ಆಸ್ಪತ್ರೆಗೆ ಹೋಗಿಬರುತ್ತೇನೆ. ಈಚೆಗೆ ಎಂಬತ್ತರ ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗುತ್ತದೆ. ಕಳೆದ ಬಾರಿಯಂತೂ ಘಾಟಿಯ ಬುಡದ ಸೋಮೇಶ್ವರ ತಲುಪುವ ಹೊತ್ತಿಗೆ ಸುಟ್ಟ ವಾಸನೆ ಬಂದು, ಪೆಡಲ್ ಮೆತ್ತಗಾಗಿ ಎಂದಿಗಿಂತ ಕೆಳಗೆ ಹೋಯಿತು. ಗಾಬರಿಯಿಂದ ಅರ್ಧ ಗಂಟೆ ನಿಲ್ಲಿಸಿಕೊಂಡೆ. ಡಿಸ್ಕನ್ನು ಲೇತ್‌ಗೆ ಕೊಟ್ಟು ನುಣುಪು ಮಾಡಿಸಿ ಹೊಸ ಪ್ಯಾಡ್ ಹಾಕೋಣ ಎಂದು ಮೆಕ್ಯಾನಿಕ್ ಹೇಳುತ್ತಾರೆ. ಬಿಡಿಭಾಗದ ಅಂಗಡಿಯವರು ತೂತು ಕೊರೆದ ಡಿಸ್ಕ್ ಹಾಕಿಸಿದರೆ ಬಿಸಿಯ ತೊಂದರೆಯೇ ಇರುವುದಿಲ್ಲ ಎನ್ನುತ್ತಾರೆ. ಯಾವುದನ್ನು ಆರಿಸಲಿ?

ಉತ್ತರ 1:
ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಕಾದು ಹಿಡಿತ ಬಿಟ್ಟರೆ ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ಮಾತ್ರ ನಿಧಾನವಾಗುವುದಿಲ್ಲ. ಪೆಡಲ್ ಮೆತ್ತಗಾಗಿ ಕೆಳಗೆ ಹೋಗಿದ್ದರೆ, ಪೆಡಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವ ಬ್ರೇಕ್ ಆಯಿಲ್ ಕುದಿದು ಆವಿಯ ಗುಳ್ಳೆಗಳು ಉಂಟಾಗಿರುವ ಸಾಧ್ಯತೆಯೇ ಹೆಚ್ಚು. ಈ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದ್ದರೆ, ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಮಲೆನಾಡಿನ ಮಳೆಯಲ್ಲಿ ಓಡುವ ಕಾರಿಗೆ ಎರಡು ವರ್ಷಕ್ಕೊಮ್ಮೆ ಅದನ್ನು ಪೂರ್ತಿ ಬದಲಿಸಲೇಬೇಕು. ದಯವಿಟ್ಟು ಇದಾಗುವವರೆಗೆ ಘಾಟಿ ಇಳಿಯಬೇಡಿ.

ಉತ್ತರ 2:
ಮೇಲಿನವರ ಮಾತು ಸರಿ. ಡಿಸ್ಕಿನ ವಿಷಯಕ್ಕೆ ಬರುತ್ತೇನೆ. ಪ್ರಯಾಣಿಕರೂ ಸೇರಿ ಕಾರಿನ ತೂಕ 1,200 ಕೆ.ಜಿ. ಎಂದಿಟ್ಟುಕೊಂಡರೆ, ಎಂಬತ್ತರ ವೇಗದಿಂದ ಅದನ್ನು ಪೂರ್ತಿ ನಿಲ್ಲಿಸಲು ಬ್ರೇಕುಗಳು ಸುಮಾರು ಮೂರು ಲಕ್ಷ ಜೂಲ್ ಶಕ್ತಿಯನ್ನು ಶಾಖವಾಗಿ ಪರಿವರ್ತಿಸಬೇಕು. ಅದೇ ಕಾರು 100 ಮೀಟರ್ ಎತ್ತರವನ್ನು ಕೇವಲ ಬ್ರೇಕಿನ ಬಲದಿಂದ ಇಳಿದರೆ ಸುಮಾರು ಹನ್ನೆರಡು ಲಕ್ಷ ಜೂಲ್ ಆಗುತ್ತದೆ. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಉದ್ದಕ್ಕೂ ಆ ಶಾಖವನ್ನು ಮೊದಲು ಹೊರುವುದು ಡಿಸ್ಕಿನ ಕಬ್ಬಿಣದ ರಾಶಿ. ತೂತು ಕೊರೆದಷ್ಟೂ ಆ ರಾಶಿ ಕಡಿಮೆಯಾಗುತ್ತದೆ, ತೂತಿನ ಅಂಚಿನಿಂದ ಬಿರುಕು ಏಳುವ ಅಪಾಯವೂ ಸೇರಿಕೊಳ್ಳುತ್ತದೆ. ಒಳಗೆ ಗಾಳಿ ಹಾಯುವ ಸಂದುಗಳುಳ್ಳ, ಮೇಲ್ಮೈ ಸಾದಾ ಇರುವ, ನಿಮ್ಮ ಮಾದರಿಗೆ ಕಂಪನಿಯೇ ಕೊಡುವ ಡಿಸ್ಕೇ ಇಲ್ಲಿ ಉತ್ತಮ ಎಂಬುದು ನನ್ನ ಖಚಿತ ಅಭಿಪ್ರಾಯ.

ಲೇತ್‌ಗೆ ಕೊಡುವ ಮುನ್ನ ದಪ್ಪ ಅಳೆಸಿ. ಕನಿಷ್ಠ ದಪ್ಪ ಎಷ್ಟಿರಬೇಕೆಂದು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಅಚ್ಚು ಹಾಕಿರುತ್ತಾರೆ. ಪ್ಯಾಡಿನ ಮಟ್ಟಿಗೆ, ರೇಸಿಗೆಂದು ಮಾಡಿದವು ತಣ್ಣಗಿರುವಾಗ ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ ಅವು ಬೇಡ. ಸೆರಾಮಿಕ್ ಪ್ಯಾಡು ಸದ್ದು, ಧೂಳು ಎರಡನ್ನೂ ಕಡಿಮೆ ಮಾಡುತ್ತದೆ, ಆದರೆ ಆ ಹೆಸರಿದ್ದ ಮಾತ್ರಕ್ಕೆ ಘಾಟಿಗೆ ಮೇಲು ಎಂದಾಗುವುದಿಲ್ಲ. ಕಂಪನಿಯ ಪ್ಯಾಡು, ಇಲ್ಲವೇ ಹೆಸರುವಾಸಿ ತಯಾರಕರ ಸೆಮಿ ಮೆಟಾಲಿಕ್ (ಲೋಹದ ಅಂಶ ಬೆರೆತ) ಪ್ಯಾಡು ಸಾಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಇಂದು ಚಕ್ರ ಬಿಚ್ಚಿಸಿ ನೋಡಿದೆ. ಡಿಸ್ಕಿನ ಮೇಲೆ ಕನಿಷ್ಠ 15 ಮಿ.ಮೀ. ಎಂದಿದೆ, ಅಳತೆ 15.4 ಬಂತು. ಎಡಚಕ್ರದಲ್ಲಿ ಒಳಗಿನ ಪ್ಯಾಡು 3 ಮಿ.ಮೀ.ಗೆ ಸವೆದಿದ್ದರೆ ಹೊರಗಿನದು 6 ಮಿ.ಮೀ. ಉಳಿದಿದೆ. ಹೀಗೇಕೆ?

ಉತ್ತರ 2 ಬರೆದವರು:
ಕ್ಯಾಲಿಪರ್, ಅಂದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ, ಜಾರುವ ಪಿನ್ನು ತುಕ್ಕಿನಿಂದಲೋ ಒಣಗಿದ ಗ್ರೀಸಿನಿಂದಲೋ ಹಿಡಿದುಕೊಂಡಿರಬೇಕು. ಹಾಗಾದಾಗ ಒಳಗಿನ ಪ್ಯಾಡೊಂದೇ ದುಡಿಯುತ್ತದೆ, ಬಿಟ್ಟ ಮೇಲೂ ಡಿಸ್ಕನ್ನು ಉಜ್ಜುತ್ತಲೇ ಇರುತ್ತದೆ. ನಿಮಗೆ ಬಂದ ಸುಟ್ಟ ವಾಸನೆಗೂ ಇದೇ ಕಾರಣವಿರಬಹುದು. ಪಿನ್ನುಗಳನ್ನು ತೆಗೆಸಿ, ಒರೆಸಿ, ಬ್ರೇಕಿಗೆಂದೇ ಇರುವ ಸಿಲಿಕೋನ್ ಗ್ರೀಸ್ ಹಚ್ಚಿಸಿ. ಮಾಮೂಲಿ ಗ್ರೀಸ್ ರಬ್ಬರನ್ನು ಉಬ್ಬಿಸಿಬಿಡುತ್ತದೆ. 15.4 ಇರುವ ಡಿಸ್ಕನ್ನು ಲೇತ್‌ಗೆ ಕೊಡುವುದು ವ್ಯರ್ಥ, ಎಡಬಲ ಎರಡನ್ನೂ ಹೊಸದು ಹಾಕಿಸಿ. ಕೂರಿಸುವ ಮುನ್ನ ಹಬ್‌ನ (ಡಿಸ್ಕು ಕೂರುವ ಚಕ್ರದ ನಡುಭಾಗದ) ಮುಖದ ತುಕ್ಕನ್ನು ತಂತಿಬ್ರಷ್‌ನಿಂದ ಉಜ್ಜಿಸಲೇಬೇಕು, ಏಕೆಂದರೆ ಅಲ್ಲಿ ಕೂದಲೆಳೆಯಷ್ಟು ತುಕ್ಕು ಉಳಿದರೂ ಹೊಸ ಡಿಸ್ಕು ಓಲಾಡುತ್ತಾ ತಿರುಗಿ, ಕೆಲವು ಸಾವಿರ ಕಿಲೋಮೀಟರಿನಲ್ಲಿ ಅದೇ ನಡುಕ ಮರಳುತ್ತದೆ.

ಉತ್ತರ 1 ಬರೆದವರು:
ಹೊಸ ಪ್ಯಾಡನ್ನು ಪಳಗಿಸಲು ಖಾಲಿ ರಸ್ತೆಯಲ್ಲಿ ಅರವತ್ತರಿಂದ ಹದಿನೈದರ ವೇಗಕ್ಕೆ ಎಂಟು ಹತ್ತು ಬಾರಿ, ಪೂರ್ತಿ ನಿಲ್ಲಿಸದೆ, ಮಧ್ಯಮ ಒತ್ತಡದಲ್ಲಿ ಬ್ರೇಕ್ ಹಾಕಿ, ಬಳಿಕ ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ತಣಿಸಿ. ಘಾಟಿಯ ನೆತ್ತಿಯಲ್ಲೇ ಎರಡನೇ ಗೇರಿಗೆ ಇಳಿಸಿಕೊಳ್ಳಿ. ಎಂಜಿನ್ ಹಿಡಿದಷ್ಟು ಭಾರ ಡಿಸ್ಕಿಗೆ ತಪ್ಪುತ್ತದೆ.